ಓಣಿಯ ಫೋನುಗಳು ಎರಡು ಗಂಟೆಗೆ ನಿಂತದ್ದು

ಹೋದ ವರ್ಷ ಶ್ರಾವಣದಿಂದ ದೀಪಾವಳಿ ಹತ್ತಿರ ಬರುವ ತನಕ ನಮ್ಮ ಓಣಿಯ ನಾಲ್ಕು ಮನೆಗಳ ಫೋನುಗಳು ದಿನಾ ಮಧ್ಯಾಹ್ನ ಎರಡು ಗಂಟೆಗೆ ನಿಂತುಬಿಡುತ್ತಿದ್ದವು. ಕರೆ ಬರುತ್ತಿತ್ತು, ಕರೆ ಹೋಗುತ್ತಿತ್ತು. ಧಾರಾವಾಹಿ ಮಾತ್ರ ಬರುತ್ತಿರಲಿಲ್ಲ. ಯಾಕೆ ಎಂಬುದು ಇಡೀ ಸೇಡಂನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಆ ಒಬ್ಬಳು ನಿಮ್ಮ ಆಯಿ.

ಮೊಮ್ಮಕ್ಕಳೇ, ನಿಮ್ಮಲ್ಲಿ ವಾಡಿಯಲ್ಲಿರುವ ದೊಡ್ಡವಳು ಮೊನ್ನೆ ಫೋನಿನಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಮಳೆಗಾಲದಲ್ಲಿ ಒಂದೇ ಪರದೆಯ ಪ್ಯಾಕು ಸಾಕು ಎಂದು ಹಟ ಹಿಡಿದವಳು, ದೀಪಾವಳಿಗೆ ನಾಲ್ಕು ಪರದೆಯದು ಬೇಕೆಂದು ಯಾಕೆ ಕೇಳಿದೆ ಎಂದು. ನಾನು "ಹಂಗ ಬೇಕನಿಸ್ತು" ಎಂದು ಮಾತು ತಿರುಗಿಸಿದೆ. ನನಗೆ ಬಾಯಲ್ಲಿ ಹೇಳಲು ಬರುವುದು ಕಡಿಮೆ ಎಂದು ನಿಮಗೆ ಗೊತ್ತು. ಆಡಕಿ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೇ ತನಕ ಓದಿದೆ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೆಯೇ ಬರೆದು ತೋರಿಸುತ್ತೇನೆ.

ಮೊದಲು ನಿಮ್ಮ ಮುತ್ಯಾನ ವ್ಯಾಪಾರದ ಬಗ್ಗೆ ನಾಲ್ಕು ಮಾತು ಹೇಳಬೇಕು. ಇಲ್ಲದಿದ್ದರೆ ಓಣಿಯವರು ಮಾಡಿಕೊಂಡ ತಪ್ಪು ತಿಳುವಳಿಕೆ ನಿಮಗೆ ಅರ್ಥವಾಗುವುದಿಲ್ಲ.

ನಾನು ಮದುವೆಯಾಗಿ ಸೇಡಂಗೆ ಬಂದಾಗ ಅವರಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ವೀಡಿಯೊ ಅಂಗಡಿ ಇತ್ತು. ಒಂದು ಟಿವಿ, ಒಂದು ವಿಸಿಆರ್, ಮೂರು ಕ್ಯಾಸೆಟ್ಟು. ಇಷ್ಟು ಸೇರಿ ಒಂದು ದಿನದ ಬಾಡಿಗೆ. ಶಹಾಬಾದಿನ ಕಲ್ಲುಗಣಿಯ ಕಡೆಗೆ, ವಾಡಿಯ ರೈಲ್ವೆ ಮನೆಗಳಿಗೆ, ಬಸ್ಸಿನ ಮೇಲೆ ಕಟ್ಟಿಸಿ ಚಿಂಚೋಳಿ ಕಡೆಯ ಊರುಗಳಿಗೂ ಕಳಿಸುತ್ತಿದ್ದರು. ಬಾಡಿಗೆಗೆ ತಂದವನು ಒಬ್ಬ, ನೋಡುವವರು ಇಡೀ ಓಣಿ. ಯಾರನ್ನೂ ಬೇಡ ಎನ್ನುವಂತಿರಲಿಲ್ಲ. ಜನ ಕ್ಯಾಸೆಟ್ಟನ್ನು ನೋಡಿ ಮುಗಿಸಿ, ಹಿಂದಕ್ಕೆ ಸುತ್ತದೆ ಹಾಗೇ ಮರಳಿಸುತ್ತಿದ್ದರು. ಸುತ್ತುವ ಕೆಲಸ ಮನೆಯಲ್ಲಿ ನನ್ನದು. ಹೀಗಾಗಿ ನಾನು ಎಷ್ಟೋ ಸಿನಿಮಾಗಳನ್ನು ಹಿಂದುಮುಂದಾಗಿ ನೋಡಿದ್ದೇನೆ. ಸತ್ತವರು ಎದ್ದು ಕೂಡುತ್ತಿದ್ದರು, ಮದುಮಗ ತಾಳಿ ಬಿಚ್ಚಿಕೊಂಡು ಹಿಂದೆ ಹಿಂದೆ ನಡೆದು ಕುದುರೆ ಹತ್ತಿ ಹೋಗಿಬಿಡುತ್ತಿದ್ದ. ಸರಿಯಾಗಿ ನೋಡಿದಾಗ ಅಷ್ಟು ಚಂದ ಅನಿಸುತ್ತಿರಲಿಲ್ಲ.

ಆಮೇಲೆ ಕೇಬಲ್ ಬಂತು. ನಮ್ಮ ಮಾಳಿಗೆಯ ಮೇಲೆ ದೊಡ್ಡ ಛತ್ರಿ ಕೂತಿತು. ಅಲ್ಲಿಂದ ವೈರು ಹೊರಟು, ಬೇವಿನ ಗಿಡ ಬಳಸಿ, ಮನೆಯಿಂದ ಮನೆಗೆ ಹಾರಿ ಓಣಿಯ ಕೊನೆ ಮುಟ್ಟುತ್ತಿತ್ತು. ಮೊದಲ ಎರಡು ಮನೆಗಳಿಗೆ ಚಿತ್ರ ಚೊಕ್ಕ ಬರುತ್ತಿತ್ತು. ಕೊನೆಯ ಮನೆಗಳಲ್ಲಿ ನಾಯಕನೂ ಖಳನಾಯಕನೂ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಬೆಳ್ಳಗೆ ಕಾಣುತ್ತಿದ್ದರು. ಆಗ ಹೆಣ್ಣುಮಕ್ಕಳೆಲ್ಲ ನಮ್ಮ ಮನೆಗೇ ಬರುತ್ತಿದ್ದರು. ನಮ್ಮದು "ಬುಡದ ಮನಿ" ಎಂದು ಹೆಸರಾಯಿತು. ಮುಂದೆ ಪ್ರತಿ ಮಾಳಿಗೆಗೂ ಒಂದೊಂದು ಸಣ್ಣ ಛತ್ರಿ ಬಂದವು, ಓಣಿ ಮತ್ತೆ ಅವರವರ ಮನೆ ಸೇರಿತು. ಮುತ್ಯಾ ತಮ್ಮ ವೈರನ್ನು ಮತ್ತೊಬ್ಬರಿಗೆ ಮಾರಿದರು. ಅದೇ ದಾರಿ ಹಿಡಿದು ಈಗ ಇಂಟರ್ನೆಟ್ಟಿನ ವೈರು ಬಂದಿದೆ.

ನಾನು ನೋಡಿದ ಮಟ್ಟಿಗೆ, ಮನೆಯೊಳಗೆ ಸಿನಿಮಾ ಮಾರುವವರು ಇಷ್ಟು ವರ್ಷವೂ ಒಂದೇ ವಿಚಾರವನ್ನು ಆ ಕೈಯಿಂದ ಈ ಕೈಗೆ ಹಾಕುತ್ತಿದ್ದಾರೆ. ಓಣಿಗೆ ಮಾರಬೇಕೋ, ಮನೆಗೆ ಮಾರಬೇಕೋ, ಆಳಿಗೆ ಮಾರಬೇಕೋ? ಅವರು ಓಣಿಗೆ ಮಾರಿದಾಗ ನಮ್ಮ ಮನೆ ತುಂಬಿತು. ಮನೆಗೆ ಮಾರಿದಾಗ ಅರ್ಧ ಖಾಲಿಯಾಯಿತು. ಫೋನಿನ ಮೂಲಕ ಒಬ್ಬೊಬ್ಬರ ಅಂಗೈಗೆ ಮಾರಿದಾಗ, ನಾನೊಬ್ಬಳೇ ಉಳಿದೆ.

ಅದು ಹೀಗೆ. ಮುತ್ಯಾ ತೀರಿಕೊಂಡ ಮೇಲೆ ಚಿತ್ತಾಪುರದಲ್ಲಿರುವ ನನ್ನ ಮಗ, ಅವ್ವ ಒಬ್ಬಳೇ ಇರುತ್ತಾಳೆಂದು ದೊಡ್ಡ ಟಿವಿ ತಂದು ಗೋಡೆಗೆ ಹಚ್ಚಿದ. ಹೋದ ವರ್ಷದ ಬೇಸಿಗೆಯಲ್ಲಿ ವಾಡಿಯ ಮೊಮ್ಮಗಳು ಬಂದು ಅದರಲ್ಲಿ ಒಂದು ಆ್ಯಪ್ ಹಾಕಿ ಚಂದಾ ಕಟ್ಟಿಸಿದಳು. ಅದರಲ್ಲಿ ಒಂದು ಹೊಸ ಧಾರಾವಾಹಿ. ಬೇರೆ ಟಿವಿಯಲ್ಲಿ ಬರುವುದಿಲ್ಲ, ಆ ಆ್ಯಪಿನಲ್ಲೇ ಬರಬೇಕು. ಮೂರು ಕ್ಯಾಸೆಟ್ಟಿನಲ್ಲಿ ಮುಗಿಯಬಹುದಾದ ಕಥೆಯನ್ನು ದಿನಕ್ಕೊಂದು ಚಮಚದ ಹಾಗೆ ಮಧ್ಯಾಹ್ನ ಎರಡು ಗಂಟೆಗೆ ಬಿಡುತ್ತಾರೆ. ಒಬ್ಬ ಶ್ರೀಮಂತ, ಅವನಿಗೆ ಇಬ್ಬರು ಹೆಂಡತಿಯರು, ಇಬ್ಬರನ್ನೂ ಕಾಡುವ ಒಬ್ಬ ಅತ್ತೆ. ಓಣಿಯವರು ಆಸೆಪಟ್ಟರು. ಮೊಮ್ಮಗಳದು ಉದಾರ ಕೈ. ಬಂದವರ ಫೋನಿಗೆಲ್ಲ ನಮ್ಮ ಗುಪ್ತಪದ ಹಾಕಿಕೊಟ್ಟು, ರಜೆ ಮುಗಿಸಿ ವಾಡಿಗೆ ಹೋದಳು.

ನಮ್ಮ ಕಡೆ ಹೆಣ್ಣುಮಕ್ಕಳು ಮಧ್ಯಾಹ್ನ ಸುಮ್ಮನೆ ಇನ್ನೊಬ್ಬರ ಮನೆಗೆ ಹೋಗಿ ಕೂಡುವುದಿಲ್ಲ. ಕೂತವಳಿಗೆ ಕೆಲಸವಿಲ್ಲದವಳು ಎಂಬ ಹೆಸರು ಬರುತ್ತದೆ. ಹೋಗಲು ಒಂದು ನೆಪ ಬೇಕು, ಕೈಯಲ್ಲಿ ಒಂದು ಕೆಲಸ ಬೇಕು: ಹಸನು ಮಾಡುವ ಬೇಳೆಯ ಮೊರವೋ, ಹೊಲಿಯುವ ಕೌದಿಯ ತುಂಡೋ. ಗಂಡ ಹೋದವಳಂತೂ ತಾನಾಗಿ ಯಾರ ಹೊಸ್ತಿಲೂ ತುಳಿಯಲು ಹಿಂಜರಿಯುತ್ತಾಳೆ. ನನಗಂತೂ ಗಂಡ ಇದ್ದಾಗಲೇ ಆ ಹಿಂಜರಿಕೆ ಇತ್ತು. ಟಿವಿ ಒಂದೇ ಆ ನೆಪವಾಗಿತ್ತು, ಅದು ಈಗ ಎಲ್ಲರ ಅಂಗೈಗೆ ಹೋಯಿತು. ಎರಡು ಗಂಟೆಗೆ ನಾಲ್ಕೂ ಮನೆಗಳಿಂದ ಒಂದೇ ಸಂಗೀತ ಕೇಳುತ್ತಿತ್ತು. ನಾನು ದೊಡ್ಡ ಟಿವಿಯ ಮುಂದೆ ಒಬ್ಬಳೇ ಕೂತು, ಯಾರಾದರೂ ಬರಲಿ ಎಂದು ಬಾಗಿಲು ತೆರೆದಿಟ್ಟಿರುತ್ತಿದ್ದೆ. ಆಡುಗಳು ಬಂದವು.

ಶ್ರಾವಣದಲ್ಲಿ ಆ್ಯಪಿನವರು ತಮ್ಮ ಮನಸ್ಸು ಬದಲಿಸಿದರು. ವಾಡಿಯಿಂದ ಮೊಮ್ಮಗಳ ಫೋನು ಬಂತು. ನಮ್ಮದು ಅಗ್ಗದ ಪ್ಯಾಕು, ಇನ್ನು ಮುಂದೆ ಅದರಲ್ಲಿ ಒಂದು ಸಲಕ್ಕೆ ಒಂದೇ ಪರದೆ ಓಡುತ್ತದೆ. ಮೊದಲು ಯಾರು ಹಚ್ಚಿದರೋ ಅವರದು ಓಡುತ್ತದೆ, ಉಳಿದವರಿಗೆ ನಿಲ್ಲುತ್ತದೆ. ಮೇಲಿನ ಪ್ಯಾಕು ತೆಗೆದುಕೊಂಡರೆ ಒಟ್ಟಿಗೆ ನಾಲ್ಕು ಕಡೆ ನೋಡಬಹುದು, ಹಾಕಿಬಿಡಲೇ ಎಂದು ಕೇಳಿದಳು. ನಾಲ್ಕಾದರೆ ಓಣಿಗೆ ಸಾಕು, ನಮ್ಮ ಟಿವಿ ಬಿಟ್ಟರೆ ಮೂರು ಫೋನು, ಎರಡು ಮನೆಯವರು ಒಂದೇ ಫೋನಿನಲ್ಲಿ ಕೂಡಿ ನೋಡುತ್ತಾರೆ ಎಂದೂ ಹೇಳಿದಳು.

ನಾನು ಫೋನು ಹಿಡಿದೇ ಬಾಗಿಲಿಗೆ ಹೋಗಿ ಓಣಿಯ ಕಡೆ ನೋಡಿದೆ. ಅವಳು ಲೈನು ಹೋಯಿತೆಂದುಕೊಂಡಳು.

"ಬ್ಯಾಡವಾ. ನನಗೊಂದು ಸಾಕು" ಎಂದೆ.

ಖರ್ಚಿಗೆ ಹೆದರಿದಳು ಎಂದುಕೊಂಡು ಅವಳು ಸುಮ್ಮನಾದಳು. ನಾನು ಹೆದರಿದ್ದು ಖರ್ಚಿಗಲ್ಲ.

ಕಲಬುರಗಿ ಬಸ್ಸು ಸ್ಟ್ಯಾಂಡಿಗೆ ಬಂದಾಗ, ಅದು ನಿಲ್ಲುವುದರೊಳಗೇ ಜನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುತ್ತಾರಲ್ಲ, ನಾನು ಮಾಡಿದ್ದು ಅಷ್ಟೇ. ಒಂದೂ ಮುಕ್ಕಾಲಿಗೇ ಟಿವಿ ಹಚ್ಚಿ ಆ ಆ್ಯಪಿನಲ್ಲಿ ಯಾವುದಾದರೂ ಒಂದನ್ನು ಓಡಲು ಬಿಡುತ್ತಿದ್ದೆ. ಯಾರೋ ಗಡ್ಡದವನು ಬದನೆಕಾಯಿ ಸುಡುವುದನ್ನು ಕಲಿಸುತ್ತಿದ್ದ. ನಾನು ಅವನ ಕಡೆ ನೋಡುತ್ತಲೂ ಇರಲಿಲ್ಲ. ಅವನು ನನ್ನ ಟವೆಲ್. ಎರಡು ಹೊಡೆಯುತ್ತಲೇ ಧಾರಾವಾಹಿಗೆ ಒತ್ತುತ್ತಿದ್ದೆ. ನಾಲ್ಕೂ ಮನೆಗಳಲ್ಲಿ ಸದ್ದೇ ಏಳುತ್ತಿರಲಿಲ್ಲ.

ಮೊದಲ ದಿನ ಎದುರು ಮನೆಯವಳು ಬಂದಳು. ಅವಳಿಗೆ ಹೊಲಿಗೆ ಯಂತ್ರವಿದೆ, ಓಣಿಯ ಎಲ್ಲರ ಕುಬಸ ಅವಳೇ ಹೊಲಿಯುತ್ತಾಳೆ, ಎಲ್ಲರ ಸುದ್ದಿಯೂ ಅವಳಲ್ಲೇ ಅಳತೆಗೆ ಸಿಗುತ್ತದೆ. ಫೋನನ್ನು ನನ್ನ ಮುಂದೆ ಹಿಡಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಇದ್ದವು. ಏನು ಬರೆದಿದ್ದಾರೆ ಎಂದು ಕೇಳಿದಳು. ನನಗೂ ಇಂಗ್ಲಿಷು ಬರುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು. ನನ್ನ ಟಿವಿಯ ಕಡೆ ನೋಡಿ ಅವಳು ತಾನೇ ನಿರ್ಣಯ ಹೇಳಿಬಿಟ್ಟಳು.

"ಹೌದಲ್ಲ, ನಿಮ್ಮದು ಬುಡದ ಮನಿ. ಇಲ್ಲಿ ಫುಲ್ ಬರ್ತದ. ನಮ್ಮ ತನಾ ಬರೋದ್ರಾಗ ಸೊರಗಿ ಹೋಗ್ತದ."

ಬೇರೆ ಊರಿನವರು ಹೀಗೆ ತಿಳಿದುಕೊಳ್ಳುತ್ತಿರಲಿಲ್ಲ. ನಮ್ಮ ಓಣಿಯವರು ಕೇಬಲ್ಲಿನ ಕಾಲದಲ್ಲಿ ಆ ಬೆಳ್ಳಗಿನ ಚಿತ್ರವನ್ನು ಕಣ್ಣಾರೆ ಕಂಡವರು. ಆ್ಯಪ್ ಕೂಡ ನಮ್ಮ ಮಾಳಿಗೆಯಿಂದಲೇ ವೈರು ಹಿಡಿದು ಹೋಗುತ್ತದೆ, ಮುತ್ಯಾ ಹಾಕಿದ ಬೇರು ಇನ್ನೂ ನಮ್ಮ ಮನೆಯಲ್ಲೇ ಇದೆ ಎಂದು ಅವರೆಲ್ಲ ನಂಬಿದರು. ಎರಡು ಗಂಟೆಗೇ ಯಾಕೆ ಸೊರಗುತ್ತದೆ ಎಂಬುದಕ್ಕೂ ಒಂದು ಕಾರಣ ಹುಡುಕಿದರು: ಆ ಹೊತ್ತಿಗೆ ಸಿಮೆಂಟು ಫ್ಯಾಕ್ಟರಿಯವರು ದೊಡ್ಡ ಯಂತ್ರ ಹಚ್ಚುತ್ತಾರೆ, ಅದು ಎಳೆದುಕೊಳ್ಳುತ್ತದೆ. ಎಷ್ಟು ಬುದ್ಧಿವಂತಿಕೆಯ ತಪ್ಪು ಎಂದರೆ, ತಿದ್ದಲು ನನಗೆ ಮನಸ್ಸೇ ಬರಲಿಲ್ಲ.

"ಇಲ್ಲೇ ಕುಂದ್ರು" ಎಂದಷ್ಟೇ ಹೇಳಿದೆ.

ವಾರದೊಳಗೆ ಮನೆ ತುಂಬಿತು. ಹೊಲಿಗೆಯವಳು, ಹಾಲಿನ ಮನೆಯ ಅತ್ತೆ ಸೊಸೆಯರು, ಕುರಕುಂಟಾದಿಂದ ಹೊಸದಾಗಿ ಬಂದು ಬಾಡಿಗೆಗಿರುವ ಅಂಗನವಾಡಿಯವಳು, ಮತ್ತೆ ಮೂರನೇ ಮನೆಯ ಸೊಸೆ. ಎಲ್ಲರ ಕೈಯಲ್ಲೂ ಮೊರ. ತೊಗರಿಬೇಳೆಯಲ್ಲಿನ ಕಲ್ಲು ಆರಿಸುತ್ತ ಆರಿಸುತ್ತ ಆ ಶ್ರೀಮಂತನ ಮನೆಯನ್ನು ಹಸನು ಮಾಡುತ್ತಿದ್ದರು. ಅತ್ತೆ ಮಾತಾಡಿದರೆ ಹಾಲಿನ ಮನೆಯ ಸೊಸೆ ತನ್ನ ಅತ್ತೆಯ ಕಡೆ ನೋಡುತ್ತಿದ್ದಳು, ಹೆಂಡತಿ ಮಾತಾಡಿದರೆ ಅತ್ತೆ ಸೊಸೆಯ ಕಡೆ ನೋಡುತ್ತಿದ್ದಳು. ನಾನು ಮಾತಾಡುತ್ತಿರಲಿಲ್ಲ. ಮಾತಿನ ನಡುವೆ ಕೂತಿರುವುದೇ ನನಗೆ ಸಾಕಾಗಿತ್ತು. ಮೂರು ಗಂಟೆಗೆ ನಳ ಬರುತ್ತದೆ, ಆಗ ಎಲ್ಲರೂ ಕೊಡ ಹಿಡಿಯಲು ಏಳಬೇಕು. ಎರಡರಿಂದ ಮೂರು, ದಿನದ ಉಳಿದ ಹೊತ್ತನ್ನೆಲ್ಲ ನಾನು ಆ ಒಂದು ತಾಸಿನ ಆಸರೆಯಲ್ಲಿ ಕಳೆಯುತ್ತಿದ್ದೆ.

ನಡುವೆ ಒಂದು ಸಲ ಸಿಕ್ಕಿಬೀಳುವುದರಲ್ಲಿದ್ದೆ. ಅಂಗನವಾಡಿಯವಳಿಗೆ ಸ್ವಲ್ಪ ಇಂಗ್ಲಿಷು ಬರುತ್ತದೆ. ಅವಳೊಂದು ದಿನ ಫೋನಿನ ಸಾಲುಗಳನ್ನು ಓದಿ, ಬೇರೆ ಯಾರೋ ನೋಡುತ್ತಿದ್ದಾರೆ ಎಂದು ಬರೆದಿದೆಯಲ್ಲ ಎಂದಳು. ಎಲ್ಲರ ಕೈಯೂ ಮೊರದಲ್ಲೇ ನಿಂತಿತು. ಅಷ್ಟರಲ್ಲಿ ಹೊಲಿಗೆಯವಳು, ಹೌದು ನಾವೆಲ್ಲ ನೋಡುತ್ತಿದ್ದೇವಲ್ಲ, ಅದನ್ನೇ ಬರೆದಿದ್ದಾರೆ ಎಂದು ಮಾತು ಮುಗಿಸಿದಳು. ಎಲ್ಲರಿಗೂ ಒಪ್ಪಿಗೆಯಾಯಿತು. ಆ್ಯಪಿನವರಿಗೆ ನಾವು ಕೂತದ್ದು ಕಾಣುತ್ತದೆಂದು ಹಾಲಿನ ಮನೆಯ ಅತ್ತೆ ಸೆರಗು ಸರಿ ಮಾಡಿಕೊಂಡಳು.

ನನ್ನ ಕಿತಾಪತಿಯ ಇನ್ನೊಂದು ಮಗ್ಗುಲು ಗೊತ್ತಾದದ್ದು ದಸರಾ ಮುಗಿದ ಮೇಲೆ.

ಮೂರನೇ ಮನೆಯ ಸೊಸೆ ಎಂದೆನಲ್ಲ, ಅವಳಿಗೆ ಒಬ್ಬ ಅತ್ತೆ ಇದ್ದಾಳೆ. ಕಾಗಿಣಾ ದಂಡೆಯ ಮನೆತನದ ಮುದುಕಿ. ಹರೆಯದಲ್ಲಿ ಮೀನಿನ ಬುಟ್ಟಿ ಹೊತ್ತು ಓಣಿ ಓಣಿ ಕೂಗಿದವಳು, ಅವಳ ದನಿ ಕೇಳಿದರೆ ಬೆಕ್ಕುಗಳು ಓಡಿ ಬರುತ್ತಿದ್ದವಂತೆ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದು, ಅಂದಿನಿಂದ ಮಂಚದ ಮೇಲೆ ಇದ್ದಾಳೆ. ಮಾತಾಡದ ನನಗೆ ಅವಳು ಇಟ್ಟ ಹೆಸರು "ಮೂಗಿ". ಎದುರಿಗೇ ಹಾಗೆ ಕರೆಯುತ್ತಿದ್ದಳು, ನನಗೆ ಸಿಟ್ಟು ಬರುತ್ತಿರಲಿಲ್ಲ. ಬೇರೆಯವರು ಬೆನ್ನ ಹಿಂದೆ ಕರೆಯುತ್ತಿದ್ದರು.

ಆ ದಿನ ಜಾಹೀರಾತು ಬಂದಾಗ ಅವಳ ಸೊಸೆ ನಗುತ್ತ ಒಂದು ಮಾತು ಹೇಳಿದಳು. ಅವಳ ಗಂಡ ಸಿಮೆಂಟು ಫ್ಯಾಕ್ಟರಿಯಲ್ಲಿ ಪಾಳಿ ಕೆಲಸಕ್ಕಿದ್ದಾನೆ. ಮನೆಗೆಲ್ಲ ಅವನದೊಂದೇ ದೊಡ್ಡ ಫೋನು. ಮಧ್ಯಾಹ್ನ ಉಂಡು ಮಲಗುವಾಗ ಅದನ್ನು ತಾಯಿಯ ಕೈಗೆ ಕೊಡುತ್ತಾನೆ, ಮೂರಕ್ಕೆ ಎದ್ದು ತೆಗೆದುಕೊಂಡು ಎರಡನೇ ಪಾಳಿಗೆ ಹೋಗುತ್ತಾನೆ. ಮುದುಕಿಗೆ ಫೋನು ಸಿಗುವುದು ಆ ಒಂದು ತಾಸು.

"ಬರಂಗಿಲ್ಲ ಬಿಡು ಅತ್ತಿ ಅಂದ್ರೂ ಕೇಳಂಗಿಲ್ರಿ" ಎಂದಳು ಸೊಸೆ. "ಎದಿ ಮ್ಯಾಲ ಫೋನ್ ಇಟ್ಕೊಂಡು ಆ ಇಂಗ್ಲಿಷ್ ಅಕ್ಷರಾನೇ ನೋಡ್ಕೋತ ಮಲಗ್ತಾಳ. ದಿನಾ. ಇವತ್ತ ಬರ್ತದ, ಇವತ್ತ ಬರ್ತದ ಅಂತಾಳ."

ಎಲ್ಲರೂ ನಕ್ಕರು. ನನ್ನ ಮೊರದಿಂದ ಒಂದು ಹಿಡಿ ಬೇಳೆ ಚಾಪೆಯ ಮೇಲೆ ಬಿತ್ತು. ಅದನ್ನು ಆರಿಸುವ ನೆಪದಲ್ಲಿ ಮುಖ ಕೆಳಗೆ ಹಾಕಿದೆ.

ಮೂರು ದಿನ ನನ್ನಷ್ಟಕ್ಕೆ ನಾನೇ ವಾದ ಮಾಡಿದೆ. ಎರಡು ಗಂಟೆಗೆ ನಾನು ಟಿವಿ ಹಚ್ಚದಿದ್ದರೆ ಆಯಿತಲ್ಲ? ಆಗುವುದಿಲ್ಲ, ಬೇರೆ ಯಾರೋ ಮೊದಲು ಹಚ್ಚುತ್ತಾರೆ, ಮುದುಕಿಗೆ ನಿಂತೇ ಇರುತ್ತದೆ. ಅವಳನ್ನು ಮಂಚ ಸಮೇತ ನಮ್ಮ ಮನೆಗೆ ಎತ್ತಿಕೊಂಡು ಬಂದರೆ? ನಮ್ಮ ಬಾಗಿಲು ಸಣ್ಣದು. ನಾಲ್ಕು ಪರದೆಯ ಪ್ಯಾಕು ಒಂದೇ ದಾರಿ. ಆದರೆ ಅದನ್ನು ಹಾಕಿಸಿದ ದಿನವೇ ಎಲ್ಲರ ಫೋನೂ ಓಡುತ್ತವೆ, ನನ್ನ ಮನೆಗೆ ಮತ್ತೆ ಆಡುಗಳೇ ಬರುತ್ತವೆ. ಒಂದು ಕಡೆ ಮುದುಕಿಯ ತಾಸು, ಇನ್ನೊಂದು ಕಡೆ ನನ್ನ ತಾಸು. ನನ್ನದು ಕದ್ದ ತಾಸು ಎಂಬುದು ನನಗೆ ಗೊತ್ತಿದ್ದರಿಂದ ವಾದ ಮೂರು ದಿನಕ್ಕಿಂತ ಮುಂದೆ ಹೋಗಲಿಲ್ಲ. ವಾಡಿಗೆ ಫೋನು ಹಚ್ಚಿ, ನಾಲ್ಕು ಪರದೆಯದು ಹಾಕು ಎಂದೆ. ಯಾಕೆಂದು ಅವಳು ಆಗ ಕೇಳಲಿಲ್ಲ. ಮೊನ್ನೆ ಕೇಳಿದಾಗ ಏನು ಹೇಳಿದೆ ಎಂದು ಮೇಲೆಯೇ ಬರೆದಿದ್ದೇನೆ.

ಮರುದಿನ ಎರಡು ಗಂಟೆಗೆ ಓಣಿಯ ತುಂಬ ಸಂಗೀತ ಎದ್ದಿತು. ಹೊಲಿಗೆಯವಳು ಬಾಗಿಲಿಗೆ ಬಂದು, ಲೈನು ಸುಧಾರಿಸಿತು ನೋಡು, ಫ್ಯಾಕ್ಟರಿಯವರು ಹೊಸ ಯಂತ್ರ ತಂದರು ಅನಿಸುತ್ತದೆ ಎಂದು ಹೇಳಿ ಹೋದಳು. ಹಾಲಿನ ಮನೆಯವರು ಎರಡು ದಿನ ಬಂದರು, ಮೂರನೇ ದಿನ ಬರಲಿಲ್ಲ. ಅವರದು ತಪ್ಪಲ್ಲ. ನೆಪ ಹೋದ ಮೇಲೆ ಬರುವುದು ಹೇಗೆ? ಬಾ ಎಂದು ನಾನು ಕರೆಯಬೇಕಿತ್ತು. ನಾಲ್ಕಾರು ಸಲ ಹೊಸ್ತಿಲ ತನಕ ಹೋಗಿ ಬಂದೆ.

ಐದನೇ ದಿನ ಮೊರದಲ್ಲಿ ಎರಡು ಸೇರು ಬೇಳೆ ಹಾಕಿಕೊಂಡು ಹೊರಬಿದ್ದೆ. ಬೇಳೆ ಹಿಂದಿನ ದಿನವೇ ಹಸನಾಗಿತ್ತು. ಓಣಿಯಲ್ಲಿ ನಿಂತು ಅದರಲ್ಲಿ ನಾಲ್ಕು ಹರಳು ಹಾಕಿಕೊಂಡೆ, ಆರಿಸಲು ಏನಾದರೂ ಇರಬೇಕಲ್ಲ. ಮೂರನೇ ಮನೆಯ ಬಾಗಿಲು ನೂಕಿದೆ. ಮಗ ಹೊರಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಮಲಗಿದ್ದ. ಒಳಗೆ ಮುದುಕಿಯ ಎದೆಯ ಮೇಲೆ ಫೋನು ಓಡುತ್ತಿತ್ತು, ಸೊಸೆ ಮಂಚದ ಕಾಲಿಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಇಬ್ಬರೂ ಗಾಬರಿಯಾದರು. ಸಾವಿನ ಸುದ್ದಿ ಇಲ್ಲದೆ ನಾನು ಯಾರ ಮನೆಗೂ ಹೋದವಳಲ್ಲ.

"ಯಾರ್ ಹೋದ್ರವಾ ಮೂಗಿ?" ಎಂದಳು ಮುದುಕಿ.

ಯಾರೂ ಹೋಗಿಲ್ಲ ಎಂದು ತಲೆ ಅಲ್ಲಾಡಿಸಿದೆ. ಕೂತೆ. ನಾಲ್ಕೂ ಹರಳುಗಳನ್ನು ಆರಿಸಿ ಮುಗಿಸಿದೆ. ಇನ್ನು ಕೈಗೆ ಕೆಲಸವಿರಲಿಲ್ಲ, ಬಾಯಿಗೇ ಕೆಲಸ ಕೊಡಬೇಕಾಯಿತು.

"ಅತ್ತಿ, ನಿಮ್ಮ ಫೋನ್ ನಿಲ್ಲಿಸಿದಾಕಿ ನಾನ" ಎಂದೆ.

ಸೊಸೆ ತಲೆ ಎತ್ತಿದಳು. ಮುದುಕಿ ಫೋನನ್ನು ಎದೆಯಿಂದ ಕೆಳಗಿಳಿಸಿದಳು. "ನೀನಾ? ಬಾಯೇ ಇಲ್ಲ, ಕೈ ಮಾತ್ರ ಇಷ್ಟುದ್ದ ಅದ ಏನು?"

"ಮೊದ್ಲು ಯಾರ್ ಹಚ್ಚತಾರ ಅವರಿಗಷ್ಟೇ ಬರ್ತಿತ್ತು. ನನಗ ಗೊತ್ತಿತ್ತು. ಗೊತ್ತಿದ್ದೇ ನಾ ಮೊದ್ಲ ಹಚ್ಚತಿದ್ದೆ."

"ಯಾಕ?"

"ಎಲ್ಲಾರೂ ನಮ್ಮ ಮನಿಗಿ ಬರ್ಲಿ ಅಂತ."

ಮುದುಕಿ ಫೋನನ್ನು ದಿಂಬಿನ ಪಕ್ಕಕ್ಕೆ ಸರಿಸಿದಳು. ಬೈಗುಳದಲ್ಲಿ ಅವಳನ್ನು ಮೀರಿಸುವವರು ಸೇಡಂನಲ್ಲಿ ಇಲ್ಲ. ಬೈದರೆ ಸೆರಗು ಒಡ್ಡಿ ತೆಗೆದುಕೊಳ್ಳೋಣ ಎಂದು ಕಾದೆ.

"ಶ್ರಾವಣದಾಗ ಆ ಸಣ್ಣ ಹೆಂಡ್ತಿ ಮನಿ ಬಿಟ್ಟು ಹೊಂಟಿದ್ಲು" ಎಂದಳು ಕೊನೆಗೆ. "ಒಂದ್ ಕಾಲ್ ಹೊಸ್ತಿಲ ಹೊರಗ, ಒಂದ್ ಕಾಲ್ ಒಳಗ. ಆವಾಗ ನಿಂತ್ಹೋಯ್ತು. ಈಗ ನೋಡಿದ್ರ ಆಕಿ ಬಸುರಿ, ಅಡುಗಿ ಮನ್ಯಾಗ ಕುಂತು ಮಾವಿನಕಾಯಿ ತಿನ್ಲಿಕತ್ತಾಳ. ನಡುವ ಏನಾಯ್ತು? ಇಷ್ಟು ದಿನಾ ಆಕಿನ್ನ ನಾ ಹೊಸ್ತಿಲದಾಗೇ ನಿಂದ್ರಿಸೀನಿ. ನಮ್ಮಾಕಿನ್ನ ಕೇಳಿದ್ರ, ಏನಿಲ್ಲ ಅತ್ತಿ, ಅದೇ ಅಳೋದು ಅಂತಾಳ."

"ಅದೇ ಅಳೋದೇ ಇತ್ತು" ಎಂದಳು ಸೊಸೆ.

"ನೀ ಸುಮ್ನಿರು. ಮೂಗಿ, ನಿನಗ ಇದೇ ದಂಡ. ಹೊಸ್ತಿಲದಿಂದ ಹಿಡ್ದು ಇಲ್ಲಿ ತನಾ ಹೇಳು. ಒಂದೂ ಬಿಡಬ್ಯಾಡ."

ಹಳೆಯ ಕಂತುಗಳು ಆ್ಯಪಿನಲ್ಲೇ ಇರುತ್ತವೆ, ಫೋನಿನಲ್ಲೇ ನೋಡಬಹುದು ಎಂದು ನಾನು ಹೇಳಬಹುದಿತ್ತು. ಮುದುಕಿಗೂ ಓಣಿಯವರಿಗೂ ಅದು ಗೊತ್ತಿರಲಿಲ್ಲ. ಅಲ್ಲಿ ಮತ್ತೊಂದು ಸಲ ನಾನು ಸುಮ್ಮನಿದ್ದೆ. ಬರೆಯಲು ಕೂತ ಮೇಲೆ ಇದನ್ನೂ ಬಚ್ಚಿಡುವುದಿಲ್ಲ.

ಹೇಳಲು ಶುರು ಮಾಡಿದೆ. ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಗಟ್ಟಿ ಹೇಳು, ಹೊಳೆಯ ಆಚೆ ದಂಡೆಗೆ ಕೇಳಬೇಕು ಎಂದಳು ಮುದುಕಿ. ಎರಡನೇ ದಿನ ದನಿ ಮಂಚಕ್ಕೆ ಮುಟ್ಟಿತು. ಮೂರನೇ ದಿನ, ಅತ್ತೆ ಮಾತಾಡುವಾಗ ಅತ್ತೆಯ ಹಾಗೆ ಮಾತಾಡು ಎಂದು ಅಪ್ಪಣೆಯಾಯಿತು. ಮಾತಾಡಿದೆ. ಸೊಸೆ ಬಾಯಿಗೆ ಸೆರಗು ಹಚ್ಚಿ ನಕ್ಕಳು.

ನಾಲ್ಕನೇ ದಿನ ನನಗೆ ಮಧ್ಯದ ಒಂದು ಕಂತು ಮರೆತುಹೋಯಿತು. ನಿಲ್ಲಿಸಿದರೆ ಮುದುಕಿ ಬಿಡುವವಳಲ್ಲ. ನನಗೆ ಆ ಧಾರಾವಾಹಿಯ ಅತ್ತೆಯ ಮೇಲೆ ಮೊದಲಿಂದಲೂ ಕಣ್ಣಿತ್ತು. ಕೊರಳ ತುಂಬ ಬಂಗಾರ ಹಾಕಿಕೊಂಡೇ ಮಲಗುತ್ತಾಳೆ, ಒಂದು ದಿನವೂ ಒಂದು ರೊಟ್ಟಿ ಬಡಿದಿಲ್ಲ. ಅವಳನ್ನು ಕಾರಿನಿಂದ ಇಳಿಸಿ ನಮ್ಮ ಸೇಡಂ ಬಸ್‌ಸ್ಟ್ಯಾಂಡಿಗೆ ತಂದೆ. ಹೈದರಾಬಾದಿಗೆ ಹೋಗಬೇಕಾದವಳನ್ನು ಚಿಂಚೋಳಿ ಬಸ್ಸಿಗೆ ಹತ್ತಿಸಿಬಿಟ್ಟೆ. ಸೀಟು ಸಿಗಲಿಲ್ಲ. ಬಾಗಿಲ ಹತ್ತಿರ, ಒಂದು ಕೋಳಿ ಬುಟ್ಟಿಯ ಪಕ್ಕ ನಿಂತು ಹೋದಳು.

"ಹಂಗಿಲ್ಲರಿ ಅದು" ಎಂದಳು ಸೊಸೆ. "ಅತ್ತಿ ಬಸ್ ಹತ್ತೇ ಇಲ್ಲ."

"ಕಂಪನಿಯವರು ಕತ್ತರಿಸಿರಬೇಕು" ಎಂದಳು ಮುದುಕಿ. "ನೀ ಹೇಳವಾ. ಕಂಡಕ್ಟರ್ ಏನಂದ?"

ಸೊಸೆ ಆ ಸುದ್ದಿಯನ್ನು ಹೊಲಿಗೆಯವಳಿಗೆ ಹೇಳಿದಳು. ಹೊಲಿಗೆಯವಳಿಗೆ ಹೇಳಿದ ಮೇಲೆ ಇನ್ನು ಯಾರಿಗೂ ಹೇಳಬೇಕಾಗಿರಲಿಲ್ಲ. ಮರುದಿನ ಅವಳೇ ಅರ್ಧ ಹೊಲಿದ ಕುಬಸ ಹಿಡಿದು ಬಂದಳು, ಮುದುಕಿಯ ಆರೋಗ್ಯ ಕೇಳಲು. ಮುಂದಿನ ವಾರ ಹಾಲಿನ ಮನೆಯವರೂ ಬಂದರು. ನನ್ನ ಕಳ್ಳತನವೂ ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಹೊಲಿಗೆಯವಳು ನನ್ನ ಹೊಸ ಕುಬಸದ ತೋಳನ್ನು ಒಂದು ಬೆರಳು ಬಿಗಿ ಹೊಲಿದುಕೊಟ್ಟಳು, ಹಾಲಿನ ಮನೆಯ ಅತ್ತೆ ಎಂಟು ದಿನ ನೀರು ಹಾಲು ಹಾಕಿದಳು. ಲೆಕ್ಕ ಅಲ್ಲಿಗೆ ಮುಗಿಯಿತು. ಒಂದು ವಿಷಯ ಮಾತ್ರ ಅವರಿಗೆ ಇಂದಿಗೂ ಅರ್ಥವಾಗಿಲ್ಲ. ಮೊದಲು ಹಚ್ಚಿದವರಿಗೆ ಬರುತ್ತದೆ ಎಂಬುದನ್ನು ಅವರು ಒಪ್ಪಿದ್ದಾರೆ, ಆದರೆ ಬುಡದ ಮನೆಯಲ್ಲಿ ಫುಲ್ ಬರುವುದೂ ಖರೆ ಎನ್ನುತ್ತಾರೆ.

ಈಗ ಎರಡು ಗಂಟೆಗೆ ಮುದುಕಿಯ ದಿಂಬಿನ ಪಕ್ಕ ಫೋನು ಓಡುತ್ತಿರುತ್ತದೆ. ಹೊಸ ಕಂತು ಒಂದು ಕಡೆ, ನನ್ನ ಕಥೆ ಒಂದು ಕಡೆ. ಎರಡೂ ಬೇರೆ ಬೇರೆ ಊರಿಗೆ ಹೋಗಿ ಎಷ್ಟೋ ದಿನವಾಯಿತು. ಅಲ್ಲಿ ಅತ್ತೆ ಇನ್ನೂ ಮೆಟ್ಟಿಲ ಮೇಲೆ ನಿಂತು ಕಣ್ಣು ಬಿಡುತ್ತಾಳೆ. ನನ್ನಲ್ಲಿ ಅವಳು ಚಿಂಚೋಳಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದ್ದಾಳೆ, ಮೊದಲ ದಿನದ ರೊಟ್ಟಿಯನ್ನು ಯಾವ ಎಮ್ಮೆಯೂ ಮುಟ್ಟಲಿಲ್ಲ. ಫೋನಿನ ಸದ್ದನ್ನು ಯಾರೋ ಸಣ್ಣದು ಮಾಡಿದರು. ಆಮೇಲೆ ಯಾರೋ ಸದ್ದನ್ನು ಪೂರಾ ತೆಗೆದರು.

ಹೋದ ವಾರ ನಾನು ಹೇಳುವುದು ಇನ್ನೂ ಮುಗಿದಿರಲಿಲ್ಲ. ಮುದುಕಿಯ ಮಗ ಎದ್ದು ಪಾಳಿಯ ಅಂಗಿ ಹಾಕಿಕೊಂಡು ಫೋನು ತೆಗೆದುಕೊಳ್ಳಲು ಒಳಗೆ ಬಂದ. ಅವನು ಈಚೆಗೆ ಮಲಗುವುದಿಲ್ಲ, ಹೊರಗಿನ ಕೋಣೆಯಲ್ಲಿ ಕಣ್ಣು ಮುಚ್ಚಿಕೊಂಡು ಕೇಳುತ್ತಾನೆ ಎಂದು ಅವನ ಹೆಂಡತಿ ಹೇಳುತ್ತಾಳೆ. ಫೋನಿನ ಪರದೆಯ ಮೇಲೆ ಮತ್ತೆ ಇಂಗ್ಲಿಷಿನ ಸಾಲು ಬಂದಿತ್ತು. ಮುದುಕಿ ನನ್ನ ಕಡೆ ಅನುಮಾನದಿಂದ ನೋಡಿದಳು.

ಮಗ ಓದಿ ಹೇಳಿದ. "ನೋಡ್ಲಿಕತ್ತೀರೋ, ಬಿಟ್ಟೀರೋ ಅಂತ ಕಂಪನಿಯವರು ಕೇಳ್ಯಾರ."

"ನೋಡ್ಲಿಕತ್ತಿಲ್ಲ" ಎಂದಳು ಮುದುಕಿ. "ಕೇಳ್ಲಿಕತ್ತೀವಿ ಅಂತ ಹೇಳು."

ಅದಕ್ಕೆ ಗುಂಡಿ ಇಲ್ಲ ಎಂದ ಮಗ. ಫೋನನ್ನು ಜೇಬಿಗೆ ಹಾಕಿಕೊಂಡು ಬಾಗಿಲ ತನಕ ಹೋದ. ಅಲ್ಲೇ ನಿಂತು ಚಪ್ಪಲಿ ಹಾಕಿಕೊಳ್ಳುವುದನ್ನು ತಡ ಮಾಡಿದ. ನಳ ಬರಲು ಇನ್ನೂ ಐದು ನಿಮಿಷ ಇತ್ತು. ನಾನು ಗಂಟಲು ಸರಿ ಮಾಡಿಕೊಂಡು, ಅವನಿಗೂ ಕೇಳುವಷ್ಟು ಗಟ್ಟಿಯಾಗಿ, ಖಾನಾವಳಿಗೆ ಆ ದಿನ ಯಾರು ಉಣ್ಣಲು ಬಂದರು ಎಂಬುದನ್ನು ಹೇಳತೊಡಗಿದೆ.